ಮಲೇರಿಯ ಮಾತ್ರೆಯ ಪ್ರಯೋಜನ: ಅಳತೆಗೋಲು ಯಾರದು?

ಮಂಗಳೂರಿನವರಿಗೆ ಮಲೇರಿಯವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. 1990ರ ದಶಕದಲ್ಲಿ ಕಟ್ಟಡ ಕಾಮಗಾರಿಗಳು ಏರಿದಂತೆ ಅದೂ ನಗರದಲ್ಲಿ ಬೇರೂರಿತು. 2015ರ ಬಳಿಕ ಬಹಳಷ್ಟು ಇಳಿಯಿತು. ಇಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಬಗೆ. ಇದರ ಪರಾವಲಂಬಿಯ ಒಂದು ರೂಪ ಯಕೃತ್ತಿನಲ್ಲಿ ಸುಪ್ತವಾಗಿದ್ದು, ವಾರಗಳ ಅಥವಾ ತಿಂಗಳುಗಳ ನಂತರ ಎಚ್ಚೆತ್ತು ಮತ್ತೆ ಜ್ವರ ತರುತ್ತದೆ. ರಕ್ತದಲ್ಲಿರುವ ಪರಾವಲಂಬಿಗೆ 3 ದಿನಗಳ ಕ್ಲೋರೋಕ್ವಿನ್ ಸಾಕು. ಯಕೃತ್ತಿನಲ್ಲಿ ಅಡಗಿದ್ದಕ್ಕೆ ಪ್ರೈಮಾಕ್ವಿನ್ ಬೇಕು. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯಂತೆ 14 ದಿನ. ಜ್ವರವೋ ಮೂರು ದಿನಗಳಲ್ಲೇ ಬಿಟ್ಟಿರುತ್ತದೆ. ಸೆಂಟ್ರಿಂಗ್ ಕೆಲಸಕ್ಕೆ ಮರಳಿದವನು ಹತ್ತನೆಯ ದಿನವೂ ನೆನಪಿಟ್ಟು ಮಾತ್ರೆ ನುಂಗುತ್ತಾನೆಯೆ?

ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಟಾಫೆನೋಕ್ವಿನ್ ಎಂಬ ಒಂದೇ ಡೋಸಿನ ಔಷಧ. ಆರು ದೇಶಗಳ 522 ರೋಗಿಗಳ ಮೇಲೆ ನಡೆದ ಪ್ರಯೋಗವೊಂದರ ವರದಿ 2019ರಲ್ಲಿ ಪ್ರಕಟವಾಯಿತು (ಭಾರತ ಅದರಲ್ಲಿರಲಿಲ್ಲ). ಆರು ತಿಂಗಳು ಮರುಕಳಿಕೆಯಿಲ್ಲದೆ ಉಳಿದವರು ಪ್ರೈಮಾಕ್ವಿನ್ ಗುಂಪಿನಲ್ಲಿ ಶೇಕಡಾ 69.6, ಟಾಫೆನೋಕ್ವಿನ್ ಗುಂಪಿನಲ್ಲಿ 62.4, ಪ್ಲಾಸಿಬೊ ಗುಂಪಿನಲ್ಲಿ 27.7. ಅಂಕಿಗಳೇನೋ ಸ್ಪಷ್ಟವಾಗಿವೆ. ಆದರೆ ಹದಿನಾಲ್ಕು ದಿನಕ್ಕೂ ಒಂದು ದಿನಕ್ಕೂ ಇರುವ ಅಂತರಕ್ಕೆ ಅವುಗಳಲ್ಲಿ ಯಾವ ಬೆಲೆಯೂ ಇಲ್ಲ. ನನ್ನ ಆಕ್ಷೇಪ ಇರುವುದು ಇಲ್ಲಿ. ಮರುಕಳಿಕೆ ತಪ್ಪಬೇಕೆಂಬುದು ರೋಗಿಯ ಬಯಕೆಯೂ ಹೌದು, ಆದರೆ ಅವನ ಬಯಕೆ ಅದೊಂದೇ ಅಲ್ಲ.

ಹಲವು ಫಲಿತಾಂಶಗಳನ್ನು ಮಹತ್ವದ ಕ್ರಮದಲ್ಲಿ ಜೋಡಿಸಿ ಅಳೆಯುವ ವಿಧಾನಗಳಿವೆ. 2010ರಲ್ಲಿ ಮಾರ್ಕ್ ಬೈಸ್, 2012ರಲ್ಲಿ ಸ್ಟುವರ್ಟ್ ಪೊಕಾಕ್ ಮತ್ತು ಸಂಗಡಿಗರು ಇಂಥವನ್ನು ಮಂಡಿಸಿದರು. ಒಂದು ಗುಂಪಿನ ಪ್ರತಿ ರೋಗಿಯನ್ನೂ ಇನ್ನೊಂದು ಗುಂಪಿನ ಪ್ರತಿ ರೋಗಿಯೊಡನೆ ಜೋಡಿ ಮಾಡುವುದು. ಮೊದಲು ಅತಿ ಮುಖ್ಯ ಫಲಿತಾಂಶವನ್ನು ಹೋಲಿಸುವುದು. ಅದರಲ್ಲಿ ಸಮವಾದರೆ ಮಾತ್ರ ಮುಂದಿನದಕ್ಕೆ ಹೋಗುವುದು. ಹೃದ್ರೋಗದ ಪ್ರಯೋಗಗಳಲ್ಲಿ ಸಾವು ಮೊದಲು, ಆಸ್ಪತ್ರೆ ಸೇರುವುದು ಆಮೇಲೆ. ಕೊನೆಗೆ ಗೆಲುವುಗಳನ್ನು ಸೋಲುಗಳಿಂದ ಭಾಗಿಸಿದರೆ 'ಗೆಲುವಿನ ಅನುಪಾತ' ಸಿಗುತ್ತದೆ.

ನೀವೇ ಹಾಳೆ ತೆಗೆದುಕೊಂಡು ಮಾಡಿ ನೋಡಿ. ಮೇಲಿನ ಅಂಕಿಗಳನ್ನು ಸರಿಸುಮಾರು 70 ಮತ್ತು 62 ಎಂದಿಟ್ಟುಕೊಂಡು, ಗುಂಪಿಗೆ 100 ಜನರೆಂದು ಭಾವಿಸೋಣ (ಲೆಕ್ಕ ನನ್ನದು, ಪ್ರಯೋಗದ ವರದಿಯದಲ್ಲ). ಒಟ್ಟು ಜೋಡಿಗಳು 10,000. ಪ್ರೈಮಾಕ್ವಿನ್‌ನ ಗೆಲುವು 70×38, ಅಂದರೆ 2,660. ಟಾಫೆನೋಕ್ವಿನ್‌ನ ಗೆಲುವು 62×30, ಅಂದರೆ 1,860. ಉಳಿದ 5,480 ಜೋಡಿಗಳು ಸಮ. ಪ್ರೈಮಾಕ್ವಿನ್ ಪರವಾಗಿ ಅನುಪಾತ 1.43.

ಈಗ ಸಮವಾದ ಜೋಡಿಗಳನ್ನು 'ಮಾತ್ರೆ ನುಂಗುವ ದಿನ ಕಡಿಮೆಯಿರಲಿ' ಎಂಬ ಎರಡನೆಯ ಬಯಕೆಯಿಂದ ತೀರ್ಮಾನಿಸಿ. 5,480 ಜೋಡಿಗಳೂ ಟಾಫೆನೋಕ್ವಿನ್ ಪಾಲಾಗುತ್ತವೆ. 7,340ಕ್ಕೆ 2,660! ತೀರ್ಪು ತಲೆಕೆಳಗಾಯಿತು, ಅನುಪಾತ ಈಗ ಇನ್ನೊಂದು ಕಡೆಗೆ 2.76. ಎಲ್ಲರೂ ಹಾಗೆ ಬಯಸಬೇಕೆಂದೇನೂ ಇಲ್ಲ. ಸಮವಾದ ಜೋಡಿಗಳಲ್ಲಿ ಶೇಕಡಾ 15ರಷ್ಟು ಅತ್ತ ವಾಲಿ, ಉಳಿದವು ಸಮವಾಗಿಯೇ ಉಳಿದರೂ ತಕ್ಕಡಿ ಸರಿಸಮವಾಗುತ್ತದೆ.

ಹಾಗಾದರೆ ರೋಗಿಯ ಆಯ್ಕೆ ಗೆದ್ದಿತೆ? ಅವಸರ ಬೇಡ. ಈ ಲೆಕ್ಕದಲ್ಲಿ ಜ್ವರ ಮರಳದಿರುವುದೂ ಒಂದು ಗೆಲುವು, ಮಾತ್ರೆಯ ಕಿರಿಕಿರಿ ತಪ್ಪಿದ್ದೂ ಒಂದು ಗೆಲುವು. ಎರಡಕ್ಕೂ ತೂಕ ಒಂದೇ. ಇದು ವಿಧಾನದ ನಿಜವಾದ ಕೊರತೆ, ಅದರ ಪ್ರತಿಪಾದಕರು ಇದನ್ನು ಸಾಕಷ್ಟು ಒತ್ತಿ ಹೇಳುವುದಿಲ್ಲವೆಂದು ನನಗನ್ನಿಸುತ್ತದೆ. ಬಯಕೆಗಳ ಕ್ರಮ ಮಾತ್ರ ಕೇಳಿದರೆ ಸಾಲದು, ಪ್ರಮಾಣವನ್ನೂ ಕೇಳಬೇಕು. "ನೂರರಲ್ಲಿ ಏಳೆಂಟು ಮಂದಿಗೆ ಹೆಚ್ಚಾಗಿ ಜ್ವರ ಮರಳಬಹುದು, ಬದಲಿಗೆ ಹದಿನಾಲ್ಕು ದಿನದ ಮಾತ್ರೆ ಒಂದೇ ಡೋಸಿಗೆ ಇಳಿಯುತ್ತದೆ, ಒಪ್ಪುವಿರಾ?" ಎಂದು ಪ್ರಯೋಗ ಆರಂಭವಾಗುವ ಮೊದಲೇ ಕೇಳಿ ದಾಖಲಿಸಬೇಕು. ಫಲಿತಾಂಶ ಬಂದಮೇಲೆ ಕ್ರಮವನ್ನು ಆರಿಸಿಕೊಂಡರೆ ಬೇಕಾದ ಔಷಧವನ್ನು ಗೆಲ್ಲಿಸಬಹುದೆಂದು ಈಗಷ್ಟೇ ನೋಡಿದಿರಿ.

ಕೇಳುವಾಗ ಪೂರ್ತಿ ಸಂಗತಿ ತಿಳಿಸಬೇಕು. ಜಿ6ಪಿಡಿ ಕಿಣ್ವದ ಕೊರತೆಯಿದ್ದವರಲ್ಲಿ ಎರಡೂ ಔಷಧಗಳು ಕೆಂಪು ರಕ್ತಕಣಗಳನ್ನು ಒಡೆಯಬಲ್ಲವು. ಮೂತ್ರ ಕಪ್ಪಾದರೆ ಪ್ರೈಮಾಕ್ವಿನ್ ನಿಲ್ಲಿಸಬಹುದು, ಅದು ಬೇಗ ದೇಹದಿಂದ ಹೋಗುತ್ತದೆ. ಟಾಫೆನೋಕ್ವಿನ್ ನುಂಗಿದ ಮೇಲೆ ವಾರಗಟ್ಟಲೆ ಒಳಗೇ ಇರುತ್ತದೆ. ಹಾಗಾಗಿ ಮೊದಲೇ ಕಿಣ್ವದ ಪ್ರಮಾಣ ಅಳೆಯಲೇಬೇಕು. ಇದನ್ನು ಕೇಳಿದ ಮೇಲೆ ಕೆಲವರು ಹದಿನಾಲ್ಕು ದಿನವನ್ನೇ ಆರಿಸಿಯಾರು.

ಮಂಗಳೂರಿನಲ್ಲಿ ಈ ಪ್ರಶ್ನೆಯನ್ನು ಕನ್ನಡದಲ್ಲಿ ಮಾತ್ರ ಕೇಳಿದರೆ ಅರ್ಧ ಊರು ಹೊರಗುಳಿಯುತ್ತದೆ. ತುಳು, ಬ್ಯಾರಿ, ಕೊಂಕಣಿ ಬೇಕು. ಕಟ್ಟಡದ ಶೆಡ್ಡುಗಳಲ್ಲಿ ಹಿಂದಿ, ಬಂಗಾಳಿ, ಒಡಿಯಾ ಬೇಕು. 'ನೂರರಲ್ಲಿ ಎಂಟು' ಎಂಬುದನ್ನು ಓದಲಾಗದವರಿಗೆ ನೂರು ಹುಣಸೆಬೀಜ ಸುರಿದು, ಎಂಟನ್ನು ಬೇರೆ ಇಟ್ಟು ತೋರಿಸಬಹುದು.