ಟ್ರಸ್ಟೀ ಸಂಹಿತೆ ಮತ್ತು ನೀಲಗಿರಿಯ ಹಸಿರೆಲೆ

ಟ್ರಸ್ಟೀ ಎಂಬುದು ಭಾರತದ ಚಹಾ ಉದ್ಯಮ ಕಾನೂನಿನ ಒತ್ತಾಯವಿಲ್ಲದೆ ತಾನಾಗಿ ಒಪ್ಪಿಕೊಂಡ ಸುಸ್ಥಿರತೆಯ ಸಂಹಿತೆ. 2013ರಲ್ಲಿ ಇದು ಹೊರಬಂದಾಗ ಹಿಂದೂಸ್ತಾನ್ ಯೂನಿಲಿವರ್, ಟಾಟಾ, ನೆದರ್ಲೆಂಡ್ಸಿನ ಐಡಿಎಚ್ ಸಂಸ್ಥೆಗಳು ಬೆನ್ನಿಗಿದ್ದವು. ಕೇಂದ್ರ ಸರ್ಕಾರದ ಟೀ ಬೋರ್ಡಿನ ಬೆಂಬಲವೂ ಇತ್ತು. ಲಿಪ್ಟನ್ ಚಹಾಕ್ಕಾಗಿ ಯೂನಿಲಿವರ್ 2007ರಲ್ಲಿ ರೇನ್‌ಫಾರೆಸ್ಟ್ ಅಲಯನ್ಸ್ ಎಂಬ ಪರಿಸರ ಸಂಸ್ಥೆಯ ಜೊತೆ ಹಿಡಿದ ಪ್ರಮಾಣಪತ್ರದ ದಾರಿಯೇ ಇಲ್ಲಿ ದೇಶದ ಒಳಮಾರುಕಟ್ಟೆಗೆ ಬಂದಿದೆ. ಸಣ್ಣ ಬೆಳೆಗಾರರನ್ನು ಮೇಲೆತ್ತುವ ಯೋಜನೆ ಎಂಬ ಹೆಸರು ಇದಕ್ಕಿದೆ. ನೀಲಗಿರಿಯ ಮಟ್ಟಿಗೆ ಆ ಹೆಸರು ಅತಿಯಾಯಿತು.

ಕೋತಗಿರಿ, ಕೂನೂರು, ಗೂಡಲೂರಿನ ಸಣ್ಣ ಹಿಡುವಳಿದಾರರು ಹಸಿರೆಲೆಯನ್ನು ಸಹಕಾರಿ ಇಲ್ಲವೇ ಖಾಸಗಿ ಕಾರ್ಖಾನೆಗೆ ಮಾರುತ್ತಾರೆ. ಕಿತ್ತ ಎಲೆ ಬೇಗ ಬಾಡುವುದರಿಂದ ಒಳ್ಳೆಯ ದರ ಬರಲೆಂದು ಕಾಯುವಂತಿಲ್ಲ. ಸಂಹಿತೆ ಪರಿಶೀಲಿಸುವುದು ಈ ಕಾರ್ಖಾನೆಯನ್ನು. ಎಲೆ ಕೊಡುವವರು ಆ ಕಾರ್ಖಾನೆಯ ಪಟ್ಟಿಯೊಳಗೆ ಸೇರುತ್ತಾರೆ. ಅವರು ಟೀ ಬೋರ್ಡ್ ಒಪ್ಪಿದ ಕೀಟನಾಶಕ ಔಷಧಿಯನ್ನಷ್ಟೇ ಸಿಂಪಡಿಸಬೇಕು, ಮುಖಗವಸು ತೊಡಬೇಕು, ಯಾವಾಗ ಏನು ಹೊಡೆದರೆಂದು ಬರೆದಿಡಬೇಕು. ಈ ದುಡಿಮೆಯೆಲ್ಲ ತೋಟದವರದು; ಪ್ರಮಾಣಪತ್ರ ಕಾರ್ಖಾನೆಯದು; ಹೊಣೆಗಾರಿಕೆಯ ಕೀರ್ತಿ ಪೊಟ್ಟಣದ ಮೇಲೆ ಹೆಸರಿರುವ ಕಂಪನಿಯದು. ಪ್ರಮಾಣಿತ ಚಹಾಕ್ಕೆ ಇಂತಿಷ್ಟು ಹೆಚ್ಚು ಕೊಡಲೇಬೇಕೆಂಬ ಕರಾರು ಮಾತ್ರ ಕೊಳ್ಳುವವರ ಮೇಲಿಲ್ಲ. ಫೇರ್‌ಟ್ರೇಡ್ ಎಂಬ ಇನ್ನೊಂದು ಪ್ರಮಾಣಪತ್ರ ಪದ್ಧತಿಗೆ ಬೇರೆ ದೋಷಗಳಿದ್ದರೂ ಬೆಲೆಯ ಮೇಲೆ ಸಮುದಾಯಕ್ಕೆ ಸಲ್ಲುವ ಹೆಚ್ಚುವರಿ ಹಣವನ್ನು ಅದು ನಿಯಮದಲ್ಲೇ ಬರೆದಿದೆ. ಟ್ರಸ್ಟೀಯಲ್ಲಿ ಕಡ್ಡಾಯವೆಲ್ಲ ಎಲೆ ಬೆಳೆಯುವವರ ಪಾಲಿಗೆ ಬಂದಿದೆ.

ಇಂಥ ಸಂಹಿತೆಗಳೆಲ್ಲ ಬರೀ ಪ್ರಚಾರ ಎಂದು ತಳ್ಳಿಹಾಕುವ ವಿಮರ್ಶಕರ ವಾದವನ್ನು ಒಪ್ಪಲಾಗದು. ಔಷಧಿಯ ಮೇಲಿನ ಹಿಡಿತ ಎಲೆ ಕೀಳುವ ಹೆಂಗಸರ ಆರೋಗ್ಯದ ಪ್ರಶ್ನೆ. ಅದನ್ನು ಪ್ರಚಾರವೆನ್ನುವವರು ಅವರ ಕೈಗಳನ್ನು ನೋಡಿಲ್ಲ. ಇನ್ನೊಂದು ಬಣ ಪ್ರಮಾಣಪತ್ರ ಬಂದರೆ ಮಾರುಕಟ್ಟೆ ತಾನಾಗಿ ತೆರೆಯುತ್ತದೆ ಎನ್ನುತ್ತದೆ. ಮಾರುಕಟ್ಟೆ ತೆರೆಯುವುದು ಕಾರ್ಖಾನೆಗೆ. ಅಲ್ಲಿಂದ ತೋಟಕ್ಕೆ ಹಣ ಇಳಿಯಬೇಕಾದರೆ 2003ರ ಚಹಾ ಮಾರಾಟ ನಿಯಂತ್ರಣ ಆದೇಶದಲ್ಲಿ ಕಾರ್ಖಾನೆ ಮತ್ತು ಬೆಳೆಗಾರರ ನಡುವೆ ಇಟ್ಟಿರುವ ಬೆಲೆ ಹಂಚಿಕೆ ಸೂತ್ರವೇ ಗತಿ. ಆ ಸೂತ್ರವೂ ಬಂದ ಬೆಲೆಯನ್ನು ಹಂಚುತ್ತದೆಯೇ ಹೊರತು ಕಂಪನಿಗಳು ಕೂನೂರಿನ ಹರಾಜಿನಲ್ಲಿ ಕೂಗುವ ದರವನ್ನು ಏರಿಸಲಾರದು.

ಸಂಹಿತೆಗೆ ಹತ್ತು ವರ್ಷ ತುಂಬಿದ 2023ರಲ್ಲೇ ನೀಲಗಿರಿಯ ಬಡಗ ಸಮುದಾಯದ ಬೆಳೆಗಾರರು ಕಿಲೋ ಹಸಿರೆಲೆಗೆ 33 ರೂಪಾಯಿಗೂ ಹೆಚ್ಚಿನ ದರ ಕೇಳಿ ಉಪವಾಸ ಕೂತರು. ಬೆಲೆಯ ಕಲಮಿಲ್ಲದ ಸಂಹಿತೆ ಇಲ್ಲಿ ನೆರವಾಗದು; ಅವರು ಮೊರೆಯಿಟ್ಟದ್ದು ಸರ್ಕಾರಕ್ಕೆ. ಟ್ರಸ್ಟೀಯಡಿ ಕೊಳ್ಳುವ ಕಂಪನಿಗಳು ಕಿಲೋಗೆ ನಿಗದಿತ ಹೆಚ್ಚುವರಿ ಮೊತ್ತ ತೆರಬೇಕು, ಅದು ತೋಟದವರ ಖಾತೆಗೇ ಹೋಗಬೇಕು ಎಂಬ ಕಲಮು ಸೇರುವವರೆಗೆ ಈ ಸಂಹಿತೆಯನ್ನು ಔಷಧಿ ಮತ್ತು ದಾಖಲೆಗಳ ನಿಯಮಾವಳಿ ಎಂದಷ್ಟೇ ಕರೆಯುವುದು ಸರಿ.