ಗಿರಣಿಯವನೂ ನಮ್ಮ ಶರೀಫಜ್ಜನೂ

ಗಿರಣಿಗೆ ಹೋದರೆ ಊರ ಸುದ್ದಿಯೆಲ್ಲ ಸಿಗ್ತದ. ನಮ್ಮ ಹುಲಗೂರಲ್ಲೂ ಅಷ್ಟೇ, 16ನೇ ಶತಮಾನದ ಇಟಲಿಯಲ್ಲೂ ಅಷ್ಟೇ. ಆಫೀಸಿನ ಬಸ್ಸಿನಲ್ಲಿ ಓದಿ ಮುಗಿಸಿದ ಕಾರ್ಲೊ ಗಿನ್ಸ್‌ಬರ್ಗ್ ಅವರ ‘ದಿ ಚೀಸ್ ಅಂಡ್ ದಿ ವರ್ಮ್ಸ್’ (ಇಟಾಲಿಯನ್ ಮೂಲ 1976) ಮೆನೊಕ್ಕಿಯೊ ಅನ್ನೋ ಗಿರಣಿಯವನ ಕಥೆ. ಹಾಲು ಹೆಪ್ಪುಗಟ್ಟಿ ಚೀಸ್ ಆಗಿ ಅದರಾಗ ಹುಳ ಹುಟ್ಟಿದಂಗ ದೇವದೂತರು ಹುಟ್ಟಿದರು ಅಂದ ಅವ. ಚರ್ಚಿನ ಇನ್‌ಕ್ವಿಸಿಷನ್ 1584ರಲ್ಲಿ ಜೈಲಿಗೆ ಹಾಕಿತು. ಬಿಟ್ಟ ಮೇಲೂ ಬಾಯಿ ನಿಲ್ಲಲಿಲ್ಲ. 1599ರಲ್ಲಿ ಮತ್ತೆ ವಿಚಾರಣೆ, ಕೊನೆಗೆ ಮರಣದಂಡನೆ.

ಕೋರ್ಟಿನ ದಫ್ತರದೊಳಗಿಂದ ಹಳ್ಳಿಯವನ ದನಿ ಎತ್ತಿ ಕೇಳಿಸಿದ್ದು ಈ ಪುಸ್ತಕದ ಬಲ. ನನ್ನ ತಕರಾರು ಒಂದೇ. ಅವನ ಮಾತಿನ ಬೇರನ್ನು ಲೇಖಕರು ರೈತರ ಹಳೇ ಬಾಯಿಮಾತಿನ ಸಂಸ್ಕೃತಿಯಲ್ಲಿ ಹುಡುಕ್ತಾರೆ. ಹಂಗಾದ್ರ ಅವನ ಊರವರೇ ಅವನ ಜೊತೆ ವಾದಕ್ಕೆ ಬಿದ್ದದ್ದು ಯಾಕ? ಒಬ್ಬ ಮನುಷ್ಯ ತಾನೇ ಕೂತು ಯೋಚಿಸಿದ ಅನ್ನೋದಕ್ಕೆ ಇಲ್ಲಿ ಜಾಗ ಸಾಲದು.

ಶಿಶುನಾಳ ಶರೀಫಜ್ಜನಿಗೆ (1819–1889) ನಾವು ಮಾಡಿದ್ದೂ ಅದನ್ನೇ. ನಮ್ಮೂರ ಖಾದರ್ ಷಾ ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಕೂಸು ಅಂತಾರ. ಕಳಸದ ಗೋವಿಂದ ಭಟ್ಟರನ್ನು ಗುರು ಮಾಡಿಕೊಂಡಾಗ ಎರಡೂ ಕಡೆಯವರು ಸಿಟ್ಟಾದರು ಅಂತಲೂ ಅಂತಾರ. ಆತನ ಮಾತು ಉಳಿದದ್ದು ದಫ್ತರದಾಗ ಅಲ್ಲ, ಭಜನೆಯವರ ಬಾಯಾಗ. ಈಗ ‘ಭಾವೈಕ್ಯದ ಸಂತ’ ಅಂತ ಬೋರ್ಡ್ ಬರೆಸಿ ತೂಗುಹಾಕೀವಿ. ಪದ ಹಾಡ್ತೀವಿ, ಒಳಗಿನ ಪ್ರಶ್ನೆ ಕೇಳಿಸಿಕೊಳ್ಳಂಗಿಲ್ಲ.

ಮೆನೊಕ್ಕಿಯೊನನ್ನು ಕೊಂದವರು ಕೂಡ ಅವನ ಮಾತನ್ನು ಪೂರ್ತಿ ಕೇಳಿ ಬರಕೊಂಡಿದ್ರು. ನಾವು ಕೈಮುಗಿದು ಮುಂದ ಹೋಗ್ತೀವಿ.