‘ಇಂಡಿಯನ್ ಓಷನ್’ ವಾದ್ಯವೃಂದದ ಮೊದಲ ಧ್ವನಿಮುದ್ರಿಕೆ

ದಿಲ್ಲಿಯ ‘ಇಂಡಿಯನ್ ಓಷನ್’ ವಾದ್ಯವೃಂದದ ಮೊದಲ ಧ್ವನಿಮುದ್ರಿಕೆ 1993ರಲ್ಲಿ ಎಚ್.ಎಂ.ವಿ. ಸಂಸ್ಥೆಯಿಂದ ಹೊರಬಂದಿತು. ವೃಂದದ ಹೆಸರೇ ಮುದ್ರಿಕೆಯ ಹೆಸರೂ ಆಯಿತು. ಇದನ್ನು ಯಾವ ಪಂಕ್ತಿಯಲ್ಲಿ ಕೂಡಿಸಬೇಕೆಂಬುದು ಇಂದಿಗೂ ಸುಲಭವಾಗಿ ಇತ್ಯರ್ಥವಾಗುವ ಪ್ರಶ್ನೆಯಲ್ಲ. ಗಿಟಾರು, ಡ್ರಮ್ಮುಗಳಿವೆಯಾದ್ದರಿಂದ ರಾಕ್ ಸಂಗೀತವೆನ್ನಬಹುದು. ತಬಲದ ನುಡಿಯೂ ರಾಗದ ಛಾಯೆಯೂ ಇವೆಯಾದರೂ ಶಾಸ್ತ್ರೀಯ ಸಂಗೀತವೆನ್ನಲಾಗದು. ಎಲ್ಲಕ್ಕಿಂತ ವಿಲಕ್ಷಣವಾದ ಸಂಗತಿಯೆಂದರೆ, ರಾಕ್ ಸಂಗೀತಕ್ಕೆ ಪ್ರಾಣವೆಂದು ಎಣಿಸಲಾಗುವ ಹಾಡಿನ ಮಾತು ಇದರಲ್ಲಿ ಅತ್ಯಲ್ಪ. ಈ ಮೌನ ಕೊರತೆಯೋ ಸಂಯಮವೋ ಎಂಬುದೇ ಈ ಕೃತಿಯ ವಿಮರ್ಶೆಯಲ್ಲಿ ಮೊದಲು ಎದುರಾಗುವ ಪ್ರಶ್ನೆ.

ಗಿಟಾರು ವಾದಕ ಸುಸ್ಮಿತ್ ಸೇನ್ ಮತ್ತು ತಬಲ ವಾದಕರೂ ಗಾಯಕರೂ ಆದ ಅಶೀಮ್ ಚಕ್ರವರ್ತಿ 1990ರಲ್ಲಿ ಈ ವೃಂದವನ್ನು ಕಟ್ಟಿದರು. ಮಂದ್ರಸ್ವರದ ಬೇಸ್ ಗಿಟಾರನ್ನು ನುಡಿಸುವ ರಾಹುಲ್ ರಾಮ್ ಮರುವರ್ಷ ಬಂದು ಸೇರಿದರು. ಮುಂದೆ ವೃಂದದ ಅವಿಭಾಜ್ಯ ಅಂಗವಾದ ಅಮಿತ್ ಕಿಲಂ ಡ್ರಮ್ಮುಗಳ ಮುಂದೆ ಕುಳಿತದ್ದು 1994ರಲ್ಲಿ. ಆದಕಾರಣ ಮೊದಲ ಮುದ್ರಿಕೆಯಲ್ಲಿ ಅವರ ಕೈವಾಡವಿಲ್ಲ. ಅಂದಿನ ದಿಲ್ಲಿಯ ಕಾಲೇಜು ಉತ್ಸವಗಳಲ್ಲಿ ರಾಕ್ ಎಂದರೆ ಇಂಗ್ಲಿಷ್ ಹಾಡೆಂಬುದೇ ರೂಢಿಯಾಗಿತ್ತು. 1991ರಲ್ಲಿ ಅದೇ ನಗರದಲ್ಲಿ ಹುಟ್ಟಿದ ‘ಪರಿಕ್ರಮ’ ವೃಂದವೂ ಕೊಳಲು, ತಬಲ, ಮೃದಂಗಗಳನ್ನು ಬಳಸಿಕೊಂಡರೂ ಇಂಗ್ಲಿಷ್ ಮಾತನ್ನೇ ನೆಚ್ಚಿತು. ಇಂಡಿಯನ್ ಓಷನ್ ಇಂಗ್ಲಿಷನ್ನು ಬಿಟ್ಟಿತು. ಆದರೆ ಅದರ ಸ್ಥಾನದಲ್ಲಿ ಹಿಂದಿಯನ್ನು ಒಡನೆಯೇ ತಂದಿರಿಸಲಿಲ್ಲ. ಆ ಸ್ಥಾನವನ್ನು ಬಹುಮಟ್ಟಿಗೆ ಬರಿದಾಗಿಯೇ ಬಿಟ್ಟಿತು.

ಈ ಬರಿದಾದ ಸ್ಥಾನವನ್ನು ತುಂಬುವ ಕ್ರಮವೇ ಮುದ್ರಿಕೆಯ ನಿಜವಾದ ಸಾಧನೆ. ಪಾಶ್ಚಾತ್ಯ ಗಿಟಾರು ಸಾಮಾನ್ಯವಾಗಿ ಹಲವು ಸ್ವರಗಳನ್ನು ಒಟ್ಟಿಗೆ ಮಿಡಿದು, ಒಂದು ಸ್ವರಗುಚ್ಛದಿಂದ ಮತ್ತೊಂದಕ್ಕೆ ಸಾಗಿ, ಹಾಡಿಗೆ ಆಧಾರವನ್ನು ಕಟ್ಟುತ್ತದೆ. ಸೇನರ ಗಿಟಾರು ಈ ಕೆಲಸವನ್ನು ಬದಿಗಿರಿಸಿ ಸ್ವತಃ ಗಾಯಕನಾಗುತ್ತದೆ. ಒತ್ತದೆ ಬಿಟ್ಟ ತಂತಿಗಳು ತಂಬೂರಿಯ ಶ್ರುತಿಯಂತೆ ಹಿಂದೆ ಮೊರೆಯುತ್ತಿರಲು, ಮುಂದಿನ ತಂತಿಯ ಮೇಲೆ ಒಂದೇ ಸ್ವರಪಂಕ್ತಿ ನಿಧಾನವಾಗಿ ಬೆಳೆಯುತ್ತದೆ. ಗಿಟಾರು ಹೀಗೆ ಹಾಡತೊಡಗಿದಾಗ ಆಧಾರದ ಭಾರವನ್ನು ಮಂದ್ರ ಗಿಟಾರು ಹೊರುತ್ತದೆ. ಚಕ್ರವರ್ತಿಯವರ ಕಂಠ ಕೇಳಿಬರುವಲ್ಲಿಯೂ ಅದು ಅರ್ಥವನ್ನು ಹೇಳುವುದಕ್ಕಿಂತ ಆಲಾಪದ ರೀತಿಯಲ್ಲಿ ಮತ್ತೊಂದು ವಾದ್ಯವಾಗಿ ವರ್ತಿಸುವುದೇ ಹೆಚ್ಚು.

ಪೂರ್ವ ಪಶ್ಚಿಮಗಳ ಈ ಬಗೆಯ ಕೂಟ ಹೊಸದೇನಲ್ಲ. 1965ರಲ್ಲಿ ಬೀಟಲ್ಸ್ ವೃಂದದ ಜಾರ್ಜ್ ಹ್ಯಾರಿಸನ್ ಇಂಗ್ಲಿಷ್ ಹಾಡೊಂದಕ್ಕೆ ಸಿತಾರನ್ನು ಸೇರಿಸಿದರು. ಅಲ್ಲಿ ಸಿತಾರು ಆಭರಣ ಮಾತ್ರ. 1970ರ ದಶಕದ ‘ಶಕ್ತಿ’ ವೃಂದದಲ್ಲಿ ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಜಾಕೀರ್ ಹುಸೇನ್, ವಿಕ್ಕು ವಿನಾಯಕರಾಮ್ ಇವರ ವಿದ್ವತ್ತೇ ಸೇತುವೆಯಾಯಿತು. ಕರ್ನಾಟಕದ ಉದಾಹರಣೆ ಇನ್ನೊಂದು ಬಗೆಯದು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನನ್ನು ಗಮಕಕ್ಕೆ ಒಲಿಸಿಕೊಂಡು ಕಛೇರಿಯ ವೇದಿಕೆಗೆ ತಂದರು; ವಾದ್ಯ ಪರಕೀಯವಾದರೂ ಅದು ಬಂದು ಸೇರಿದ ಮನೆ ಸಿದ್ಧವಾಗಿತ್ತು. ದಿಲ್ಲಿಯ ಈ ತರುಣರಿಗೆ ಇಂತಹ ಸಿದ್ಧವಾದ ಮನೆಯಿರಲಿಲ್ಲ. ಅವರು ನುಡಿಸುತ್ತಲೇ ಮನೆಯನ್ನೂ ಕಟ್ಟಬೇಕಾಗಿತ್ತು. ಕೃತಿಯೊಂದನ್ನು ಅದರ ಸಾಹಿತ್ಯದ ಮೊದಲ ಮಾತಿನಿಂದಲೋ ರಾಗದಿಂದಲೋ ಗುರುತಿಸುವುದು ನಮ್ಮ ಸಂಪ್ರದಾಯ. ಈ ವೃಂದದ ಆರಂಭಕಾಲದ ರಚನೆಯೊಂದಕ್ಕೆ ‘ಗೋಯಿಂಗ್ ಟು ಐ.ಟಿ.ಓ.’ ಎಂದು ಹೆಸರು. ಆದಾಯ ತೆರಿಗೆಯ ಕಚೇರಿಯಿಂದ ಹೆಸರು ಪಡೆದ ದಿಲ್ಲಿಯ ವೃತ್ತವೊಂದಕ್ಕೆ ಹೋಗುವುದೆಂದಷ್ಟೇ ಇದರ ಅರ್ಥ. ವಿನೋದವೆಂದು ತೋರಿದರೂ ಇದರಲ್ಲಿ ಸತ್ಯವಿದೆ: ಮಾತನ್ನು ಬಿಟ್ಟ ಸಂಗೀತಕ್ಕೆ ಊರಿನ ದಾರಿಯೇ ಗುರುತಾಯಿತು.

ಹಾಗೆಂದು ಮುದ್ರಿಕೆಯನ್ನು ನಿರ್ದೋಷವೆಂದು ಕೊಂಡಾಡುವುದು ಸಲ್ಲದು. ಮುದ್ರಣಾಲಯದ ಅಚ್ಚುಕಟ್ಟು ಇಲ್ಲಿ ವಾದನದ ಬಿಸಿಯನ್ನು ತಗ್ಗಿಸಿದೆ. ಗಿಟಾರಿನ ಆಧಿಪತ್ಯ ಹೆಚ್ಚಾಗಿದೆ. ತಬಲವೂ ಡ್ರಮ್ಮುಗಳೂ ಒಂದೇ ಕೆಲಸವನ್ನು ಎರಡು ಬಾರಿ ಮಾಡುವ ಸಂದರ್ಭಗಳುಂಟು. ವೇದಿಕೆಯ ಮೇಲಣ ವಾದನವನ್ನೇ ಹಿಡಿದಿಟ್ಟ 1997ರ ‘ಡೆಸರ್ಟ್ ರೈನ್’ ಕೇಳಿದವರಿಗೆ ಈ ವ್ಯತ್ಯಾಸ ಸ್ಪಷ್ಟವಾಗುವುದು. ಇನ್ನೂ ಮುಖ್ಯವಾದ ದೋಷವೊಂದಿದೆ. ಮಾತಿಲ್ಲದ ಭಾವ ಬಲುಬೇಗ ಸಾಮಾನ್ಯ ಭಾವವಾಗಿಬಿಡುತ್ತದೆ. ವಿಷಾದವೆಂದರೆ ಯಾರ ವಿಷಾದ, ಉಲ್ಲಾಸವೆಂದರೆ ಯಾವ ಊರಿನ ಉಲ್ಲಾಸ ಎಂಬುದಕ್ಕೆ ಈ ಮುದ್ರಿಕೆಯಲ್ಲಿ ಉತ್ತರ ದೊರೆಯದು. ಇದರ ಮೌನ ಪ್ರಾಮಾಣಿಕವಾದುದು ನಿಜ, ಪರಿಪೂರ್ಣವಾದುದಲ್ಲ.

ಉತ್ತರ ದೊರೆತದ್ದು 2000ದ ‘ಕಂದೀಸ’ದಲ್ಲಿ. ಅಲ್ಲಿ ಕೇರಳದ ಸಿರಿಯನ್ ಕ್ರೈಸ್ತರ ಅರಮಾಯಿಕ್ ಸ್ತೋತ್ರವಿದೆ. ನರ್ಮದೆಯನ್ನು ತಾಯೆಂದು ಕರೆಯುವ ‘ಮಾ ರೇವಾ’ ಎಂಬ ಕಣಿವೆಯ ಹಾಡಿದೆ. ಈ ಮಾತುಗಳು ಅಲಂಕಾರಕ್ಕಾಗಿ ತಂದವುಗಳಲ್ಲ. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಪರಿಸರ ವಿಷವಿಜ್ಞಾನದ ಡಾಕ್ಟರೇಟ್ ಪಡೆದು ಬಂದ ರಾಹುಲ್ ರಾಮ್, 1990ರ ದಶಕದ ಆದಿಯಲ್ಲಿ ನರ್ಮದಾ ಬಚಾವೊ ಆಂದೋಲನದಲ್ಲಿ ದುಡಿದವರು. ಜನರ ನಡುವೆ ಬಾಳಿ ಪಡೆದ ಹಾಡು, ಏಳು ವರ್ಷ ಮುಂಚೆ ಬರಿದಾಗಿ ಉಳಿಸಿದ್ದ ಸ್ಥಾನಕ್ಕೆ ಬಂದು ಕುಳಿತಿತು. ಆ ಸ್ಥಾನವನ್ನು ಎರವಲು ಮಾತಿನಿಂದ ಮೊದಲೇ ತುಂಬಿದ್ದರೆ ಇದಕ್ಕೆ ಎಡೆಯೇ ಇರುತ್ತಿರಲಿಲ್ಲ. ಮೊದಲ ಮುದ್ರಿಕೆಯ ಬೆಲೆ ಇರುವುದು ಇಲ್ಲಿ.

ದಿಲ್ಲಿಯ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ರಾಹುಲ್ ರಾಮ್ ದಿಲ್ಲಿ ವಿಶ್ವವಿದ್ಯಾನಿಲಯದ ಖ್ಯಾತ ಸಸ್ಯವಿಜ್ಞಾನಿ ಎಚ್.ವೈ. ಮೋಹನ ರಾಮ್ ಅವರ ಮಗ. ಇಂದಿರಾ ಗಾಂಧಿಯವರ ವಾರ್ತಾ ಸಲಹೆಗಾರರಾಗಿದ್ದ ಎಚ್.ವೈ. ಶಾರದಾಪ್ರಸಾದರಿಗೆ ತಮ್ಮನ ಮಗ. ‘ಗೀತಕುಸುಮಾಂಜಲಿ’ಯ ವಾಗ್ಗೇಯಕಾರರಾದ ಹೊಳೆನರಸೀಪುರದ ಯೋಗಾನರಸಿಂಹ ಅವರಿಗೆ ಮೊಮ್ಮಗ. ಇದನ್ನು ಕೇಳಿ ಹಿಗ್ಗುವುದು ಸಹಜ. ಆದರೆ ವಂಶವೃಕ್ಷವನ್ನು ಹಿಡಿದು ಸಂಗೀತವನ್ನು ಅಳೆಯುವುದು ವಿಮರ್ಶೆಯಲ್ಲ. ಮುದ್ರಿಕೆಯಲ್ಲಿ ತಾತನ ಕೃತಿಗಳ ಮಾರ್ದನಿಯನ್ನು ಹುಡುಕುವುದೂ ವ್ಯರ್ಥ. ಪರಸ್ಥಳದಲ್ಲಿ ಮೂರನೆಯ ತಲೆಮಾರಿನ ಹೊತ್ತಿಗೆ ಮನೆಮಾತು ಮೌನವಾಗುವುದನ್ನು ಕಂಡು ಮರುಗುವ ಹಿರಿಯರು ಈ ಮುದ್ರಿಕೆಯಿಂದ ತಿಳಿಯಬೇಕಾದ ಪಾಠ ಬೇರೆಯೇ ಇದೆ.

ಮೌನ ಅಳಿವಿನ ಗುರುತಾಗಲೇಬೇಕೆಂದಿಲ್ಲ. ಅದು ಸಿದ್ಧತೆಯೂ ಆಗಬಹುದು. ಆದರೆ ಸಿದ್ಧತೆಯಿಂದ ಹಾಡು ತಾನಾಗಿ ಮೂಡುವುದಿಲ್ಲ. ನರ್ಮದೆಯ ಹಾಡು ಪಿತ್ರಾರ್ಜಿತವಾಗಿ ಬಂದದ್ದಲ್ಲ, ಕಣಿವೆಗೆ ಹೋದದ್ದರಿಂದ ಬಂದದ್ದು. ಹೇಮಾವತಿಯ ದಡದ ಮಾತು ಯಮುನೆಯ ದಡದ ವಾದ್ಯಕ್ಕೆ ಒಲಿಯಬೇಕಾದರೂ ಅದನ್ನು ಅರಸಿ ಹೋಗುವವರು ಬೇಕು. ತಾತನ ಹೆಸರು ಆ ಕೆಲಸವನ್ನು ಮಾಡಲಾರದು.